ಮನೆಯಲ್ಲಿ ಶಾಸ್ತ್ರೀಯ ಸಂಗೀತದ ಬಾನುಲಿ: ಮೈಸೂರು, ಮಂಡ್ಯದ ಕೇಳುಗರಿಗೊಂದು ಮಾರ್ಗದರ್ಶಿ

ಸಂಗೀತ ಕೇಳಲು ಈಗಲೂ ಬಾನುಲಿಯೇ ಏಕೆ ಬೇಕು ಎಂದು ಕೇಳುವವರಿದ್ದಾರೆ. ಬೇಕೆಂದ ಕೃತಿ ಬೇಕೆಂದ ವಿದ್ವಾಂಸರ ಕಂಠದಲ್ಲಿ ಫೋನಿನಲ್ಲೇ ಸಿಗುವಾಗ, ಇನ್ನೊಬ್ಬರು ಆರಿಸಿದ್ದನ್ನು ಅವರು ಗೊತ್ತುಮಾಡಿದ ಹೊತ್ತಿಗೆ ಕೇಳಬೇಕಾದ ಅಗತ್ಯವೇನು ಎಂಬುದು ಅವರ ಪ್ರಶ್ನೆ. ನಾವೇ ಆರಿಸಿಕೊಳ್ಳುವಾಗ ಗೊತ್ತಿರುವುದನ್ನೇ ಮತ್ತೆ ಮತ್ತೆ ಆರಿಸುತ್ತೇವೆ. ಕಲ್ಯಾಣಿ ರಾಗ ಪ್ರಿಯವಾದವರು ಕಲ್ಯಾಣಿಯಲ್ಲೇ ಉಳಿದುಬಿಡುತ್ತಾರೆ. ಸಾರ್ವಜನಿಕ ಬಾನುಲಿಯಲ್ಲಾದರೆ ಹೆಸರೇ ಕೇಳದ ರಾಗವೊಂದು, ಎಂದೂ ಕೇಳದ ಕಲಾವಿದರೊಬ್ಬರ ನಾಗಸ್ವರ, ಅರವತ್ತು ವರ್ಷ ಹಳೆಯ ಧ್ವನಿಮುದ್ರಣ, ಇವೆಲ್ಲ ಕರೆಯದೆಯೇ ಮನೆಗೆ ಬರುತ್ತವೆ. ಬಂದದ್ದು ಏನೆಂದು ಒಂದೆರಡು ವಾಕ್ಯಗಳಲ್ಲಿ ಹೇಳುವವರೂ ಅಲ್ಲಿರುತ್ತಾರೆ. ಈ ಲೇಖನವು ಆ ಅವಕಾಶವನ್ನು ಮೈಸೂರು ಮತ್ತು ಮಂಡ್ಯದ ಮನೆಗಳಲ್ಲಿ ಸರಿಯಾಗಿ ಬಳಸಿಕೊಳ್ಳುವ ಬಗೆಯನ್ನು, ಉಪಕರಣದಿಂದ ಆರಂಭಿಸಿ ಕೇಳ್ಮೆಯ ಅಭ್ಯಾಸದವರೆಗೆ, ಹಂತ ಹಂತವಾಗಿ ವಿವರಿಸುತ್ತದೆ.

ನಮ್ಮ ಮೈಸೂರಿಗೆ ಬಾನುಲಿಯೊಡನೆ ವಿಶೇಷವಾದ ಸಂಬಂಧವಿದೆ. ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಕೇವಲ 30 ವ್ಯಾಟ್ ಶಕ್ತಿಯ ಪ್ರೇಷಕವನ್ನಿಟ್ಟುಕೊಂಡು ಪ್ರಸಾರ ಆರಂಭಿಸಿದರು. ಅದರ ಹೆಸರು ‘ಆಕಾಶವಾಣಿ’. ಮುಂದೆ ದೇಶದ ಸಾರ್ವಜನಿಕ ಬಾನುಲಿಗೆಲ್ಲ ಅದೇ ಹೆಸರು ನಿಂತಿತು.

ಮೊದಲು ದಾರಿಯನ್ನು ಗೊತ್ತುಮಾಡಿಕೊಳ್ಳಿ

ನಿಮಗೆ ಮೂರು ದಾರಿಗಳಿವೆ. ಒಂದು, ಯಾದವಗಿರಿಯಲ್ಲಿರುವ ಮೈಸೂರು ಆಕಾಶವಾಣಿಯನ್ನು ಎಫ್‌ಎಂ 100.6 ಮೆಗಾಹರ್ಟ್ಸ್‌ನಲ್ಲಿ ಕೇಳುವುದು. ಇದು ಸಂಗೀತಕ್ಕಷ್ಟೇ ಮೀಸಲಾದ ವಾಹಿನಿಯಲ್ಲ; ವಾರ್ತೆ, ಕೃಷಿ, ನಾಟಕ, ಚಿತ್ರಗೀತೆಗಳ ನಡುವೆ ಶಾಸ್ತ್ರೀಯ ಸಂಗೀತಕ್ಕೂ ಹೊತ್ತುಗಳಿವೆ. ಎರಡು, ‘ರಾಗಂ’. ಆಕಾಶವಾಣಿಯು 2016ರ ಜನವರಿ 26ರಂದು ಆರಂಭಿಸಿದ ಈ ವಾಹಿನಿಯಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಯೂ ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತ ಮಾತ್ರ ಇರುತ್ತದೆ. ನಮ್ಮ ಕಡೆ ಇದನ್ನು ಇಂಟರ್‌ನೆಟ್ ಮೂಲಕ, ಮುಖ್ಯವಾಗಿ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಕೇಳಬೇಕು. ಮೂರನೆಯದು ದೂರದರ್ಶನದ ಡಿಡಿ ಫ್ರೀ ಡಿಶ್. ತಿಂಗಳ ಶುಲ್ಕವಿಲ್ಲದ ಈ ಡಿಟಿಎಚ್ ಸೇವೆಯಲ್ಲಿ ಟಿವಿ ವಾಹಿನಿಗಳ ಜೊತೆಗೆ ಆಕಾಶವಾಣಿಯ ವಾಹಿನಿಗಳೂ ಬರುತ್ತವೆ.

ಬೆಂಗಳೂರಿನಲ್ಲಿ 100.1 ಮೆಗಾಹರ್ಟ್ಸ್‌ನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಬೆಳೆದ ‘ಅಮೃತವರ್ಷಿಣಿ’ಯ ಹೆಸರನ್ನು ಕೇಳಿ ಅದನ್ನು ಮೈಸೂರಿನಲ್ಲಿ ಹುಡುಕುವವರಿದ್ದಾರೆ. ಆ ಶ್ರಮ ಬೇಡ. ಎಫ್‌ಎಂ ಅಲೆಗಳು ಬಹುಮಟ್ಟಿಗೆ ನೇರ ದೃಷ್ಟಿಯ ದಾರಿಯಲ್ಲೇ ಸಾಗುತ್ತವೆ. ನೂರನಲವತ್ತು ಕಿಲೋಮೀಟರಿನಾಚೆಯ ನಗರದಿಂದ ಅವು ಇಲ್ಲಿಗೆ ನಿಲುಕುವುದಿಲ್ಲ. ಹಳೆಯ ಮೀಡಿಯಂ ವೇವ್ ಪ್ರಸಾರದ ಸ್ವಭಾವ ಬೇರೆ. ಸೂರ್ಯ ಮುಳುಗಿದ ಮೇಲೆ ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದಲ್ಲಿರುವ ವಿದ್ಯುದಾವೇಶದ ಪದರಗಳಲ್ಲಿ, ಕೆಳಪದರ ಕರಗಿಹೋಗುವುದರಿಂದ ಆ ಅಲೆಗಳು ಮೇಲಿನ ಪದರಕ್ಕೆ ತಾಗಿ ಮರಳಿ ಬಹುದೂರದಲ್ಲಿ ಇಳಿಯುತ್ತವೆ. ಹಿರಿಯರು ರಾತ್ರಿಯ ಹೊತ್ತು ಮದರಾಸು, ಹೈದರಾಬಾದು ಕೇಂದ್ರಗಳ ಕಚೇರಿಗಳನ್ನು ಇಲ್ಲಿ ಕುಳಿತೇ ಕೇಳುತ್ತಿದ್ದುದು ಹೀಗೆ.

ನನ್ನ ಸಲಹೆ ಇಷ್ಟು: ಬೆಳಗಿನ ಹೊತ್ತಿಗೆ ಮೈಸೂರು ಕೇಂದ್ರ, ಉಳಿದ ಹೊತ್ತಿಗೆ ‘ರಾಗಂ’. ನಮ್ಮ ಸೀಮೆಯ ಕಲಾವಿದರ ಹೆಸರುಗಳು ಕಿವಿಗೆ ಬೀಳುವುದು ಸ್ಥಳೀಯ ಕೇಂದ್ರದಲ್ಲೇ ಆದ್ದರಿಂದ ಅದನ್ನು ಬಿಟ್ಟು ಬರಿಯ ‘ರಾಗಂ’ ಕೇಳಿದರೆ ಸಾಕೆಂದು ನಾನು ಹೇಳಲಾರೆ.

ರೇಡಿಯೊ ಇಡುವ ಜಾಗ ಮತ್ತು ಆಂಟೆನಾ

ರೇಡಿಯೊವನ್ನು ಫ್ರಿಜ್ಜಿನ ಮೇಲಾಗಲಿ, ಟಿವಿ, ವೈಫೈ ರೂಟರ್, ಇನ್ವರ್ಟರ್‌ಗಳ ಪಕ್ಕದಲ್ಲಾಗಲಿ ಇಡಬೇಡಿ. ಕಡಿಮೆ ಬೆಲೆಯ ಎಲ್‌ಇಡಿ ಬಲ್ಬು ಮತ್ತು ಮೊಬೈಲ್ ಚಾರ್ಜರುಗಳೊಳಗಿನ ಸರ್ಕ್ಯೂಟುಗಳೂ ಗೊರಗೊರ ಸದ್ದು ಹುಟ್ಟಿಸುತ್ತವೆ. ಮನೆಯ ಒಂದೊಂದೇ ಸ್ವಿಚ್ಚನ್ನು ಆರಿಸುತ್ತಾ ಬಂದರೆ ತೊಂದರೆ ಕೊಡುತ್ತಿರುವುದು ಯಾವುದೆಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಕಾಂಕ್ರೀಟು ಮನೆಯ ನಡುಕೋಣೆಗಿಂತ ಕಿಟಕಿಯ ಬಳಿ ಪ್ರಸಾರ ಸ್ಪಷ್ಟವಾಗಿರುತ್ತದೆ. ಮಂಡ್ಯದವರು ನೈಋತ್ಯಕ್ಕೆ ತೆರೆಯುವ ಕಿಟಕಿಯನ್ನು ಆರಿಸಿಕೊಳ್ಳಬೇಕು, ಏಕೆಂದರೆ ಅವರಿಗೆ ಮೈಸೂರು ಇರುವುದು ಆ ದಿಕ್ಕಿನಲ್ಲಿ. ಮೈಸೂರಿನಲ್ಲೇ ಇದ್ದೂ ಚಾಮುಂಡಿ ಬೆಟ್ಟದ ಮರೆಯಲ್ಲಿ ಮನೆ ಮಾಡಿರುವವರಿಗೆ ಎತ್ತರವೇ ಪರಿಹಾರ. ಅದೇ ರೇಡಿಯೊ ಮಹಡಿಯ ಮೇಲೆ ಚೆನ್ನಾಗಿ ಕೇಳಿಸುತ್ತದೆ.

ಆಂಟೆನಾದ ಉದ್ದಕ್ಕೆ ಒಂದು ಲೆಕ್ಕವಿದೆ. ನೂರು ಮೆಗಾಹರ್ಟ್ಸ್ ಆಸುಪಾಸಿನ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲುಭಾಗ 75 ಸೆಂಟಿಮೀಟರ್. ರೇಡಿಯೊದ ಮಡಚುವ ಕಡ್ಡಿಯನ್ನು ಪೂರ್ತಿ ಎಳೆದಾಗ ಅದು ಈ ಅಳತೆಯ ಹತ್ತಿರಕ್ಕೆ ಬರುತ್ತದೆ. ಕಡ್ಡಿ ಮುರಿದಿದ್ದರೆ ಅದರ ಬುಡಕ್ಕೆ 75 ಸೆಂಟಿಮೀಟರ್ ಉದ್ದದ ಮಾಮೂಲಿ ವಿದ್ಯುತ್ ತಂತಿಯನ್ನು ಬಿಗಿದು ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿದರೆ ಸಾಕು. ಕಿಟಕಿಯ ಕಬ್ಬಿಣದ ಸರಳುಗಳಿಗೆ ಮಾತ್ರ ತಾಗಿಸಬಾರದು. ಮಂಡ್ಯದಿಂದಾಚೆ, ನಾಗಮಂಗಲ ಮಳವಳ್ಳಿಗಳಂತಹ ದೂರದ ಊರುಗಳವರು ಒಂದೂವರೆ ಮೀಟರ್ ಉದ್ದಕ್ಕೆ, ನಡುವೆ ಎರಡಾಗಿ ಸೀಳಿದ ತಂತಿಯ ಆಂಟೆನಾವನ್ನು ಮಹಡಿಯ ಮೇಲೆ ಮೈಸೂರಿನ ದಿಕ್ಕಿಗೆ ಅಡ್ಡವಾಗಿ ಕಟ್ಟಿ ನೋಡಬಹುದು. ಸ್ಟೀರಿಯೊ, ಮೊನೊ ಎಂಬ ಸ್ವಿಚ್ಚು ರೇಡಿಯೊದಲ್ಲಿದ್ದರೆ, ಪ್ರಸಾರ ಕ್ಷೀಣವಾಗಿರುವ ಕಡೆ ಮೊನೊಗೆ ತಿರುಗಿಸಿ. ಹಿಸ್ಸೆನ್ನುವ ಸದ್ದು ಆ ಕ್ಷಣಕ್ಕೇ ಇಳಿಯುತ್ತದೆ, ಒಂಟಿ ಗಾಯನಕ್ಕೆ ಅದರಿಂದ ನಷ್ಟವೇನೂ ಇಲ್ಲ.

ಆಂಟೆನಾಕ್ಕೆ ಕೈಹಾಕುವ ಮುನ್ನ ಒಂದು ಪರೀಕ್ಷೆ ಮಾಡಲೇಬೇಕು. ಹಾಡಿನ ನಡುವೆ ಕೇಳುತ್ತಿರುವ ಸದ್ದು ಉದ್ಘೋಷಕರು ಮಾತನಾಡುವಾಗಲೂ ಇದೆಯೇ ಎಂದು ಗಮನಿಸಿ. ಇದ್ದರೆ ದೋಷ ನಿಮ್ಮ ಕಡೆಯದು. ಮಾತು ಶುದ್ಧವಾಗಿದ್ದು ಹಾಡಿನಲ್ಲಿ ಮಾತ್ರ ಸದ್ದಿದ್ದರೆ, ಅದು ಹಳೆಯ ಟೇಪಿನ ಸದ್ದು. ಅದನ್ನು ತೆಗೆಯಲು ಯಾವ ಆಂಟೆನಾದಿಂದಲೂ ಆಗದು, ತೆಗೆಯಬೇಕಾಗಿಯೂ ಇಲ್ಲ. ಮೈಕುಗಳಿಲ್ಲದ ಸಭೆಗಳಲ್ಲಿ ಕೊನೆಯ ಸಾಲಿನವರೆಗೂ ನಾದ ಮುಟ್ಟಲೆಂದು ಏಳು ತಂತಿಯ ಪಿಟೀಲನ್ನು ಮಾಡಿಸಿಕೊಂಡ ತಿರುಮಕೂಡಲಿನ ಚೌಡಯ್ಯನವರ ಧ್ವನಿಮುದ್ರಣ ಬಂದಾಗ, ಆ ಹಿಸ್ಸಿನ ಹಿಂದೆ ಇರುವ ನಾದದ ಗಾತ್ರವನ್ನು ನೋಡಿ.

ಫೋನಿನಲ್ಲಿ ‘ರಾಗಂ’

ಆ್ಯಪ್ ಹಾಕಿಕೊಂಡು ಭಾಷೆ, ರಾಜ್ಯಗಳ ಪಟ್ಟಿಯಲ್ಲಿ ‘ರಾಗಂ’ ಹೆಸರನ್ನು ಹುಡುಕಿ, ಮೆಚ್ಚಿನ ವಾಹಿನಿಯೆಂದು ಗುರುತಿಟ್ಟುಕೊಳ್ಳುವುದಷ್ಟೇ ಇಲ್ಲಿನ ಕೆಲಸ. ಡೇಟಾ ಖರ್ಚಿನ ಬಗ್ಗೆ ಹೆದರಬೇಕಾಗಿಲ್ಲ. ಸೆಕೆಂಡಿಗೆ 64 ಕಿಲೋಬಿಟ್ ದರದ ಪ್ರಸಾರಕ್ಕೆ ಗಂಟೆಗೆ ಸುಮಾರು 29 ಮೆಗಾಬೈಟ್, ಅದರ ಎರಡರಷ್ಟು ದರವಿದ್ದರೆ 58 ಮೆಗಾಬೈಟ್ ಬೇಕಾಗುತ್ತದೆ. ಚಲನಚಿತ್ರ ನೋಡುವುದಕ್ಕೆ ಹೋಲಿಸಿದರೆ ಇದು ಲೆಕ್ಕಕ್ಕೇ ಇಲ್ಲ. ಪರದೆ ಆರಿದ ಮೇಲೆ ಹಾಡು ನಿಂತುಹೋಗುತ್ತಿದ್ದರೆ, ಫೋನಿನ ಬ್ಯಾಟರಿ ಉಳಿತಾಯದ ಸೆಟ್ಟಿಂಗಿನಿಂದ ಈ ಆ್ಯಪನ್ನು ಹೊರಗಿಡಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮೃದಂಗದ ಎಡಮುಖದ ತೊಪ್ಪಿ ಕೇಳಿಸುವುದೇ ಇಲ್ಲ, ತಂಬೂರಿಯ ಮಂದ್ರವೂ ಹೋಗಿಬಿಡುತ್ತದೆ. ಆದ್ದರಿಂದ ಸಾಧಾರಣ ಬೆಲೆಯದಾದರೂ ಒಂದು ಪ್ರತ್ಯೇಕ ಸ್ಪೀಕರನ್ನು ಜೋಡಿಸಿಕೊಳ್ಳಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮನೆಯಲ್ಲಿ ಹಿರಿಯರಿದ್ದರೆ

ವಯಸ್ಸಾದವರಿಗೆ ಮಾಡಿಕೊಡುವ ವ್ಯವಸ್ಥೆ ಬೇರೆಯೇ ಆಗಿರಬೇಕು. ಕೆಲವು ವರ್ಷಗಳ ಹಿಂದೆ ನಾನು ತಾಯಿಯವರಿಗೆಂದು ಮಾತು ಕೇಳಿ ಹಾಡುವ ಬಗೆಯ ಸ್ಪೀಕರೊಂದನ್ನು ತಂದಿಟ್ಟೆ. ವಾರದ ನಂತರ ನೋಡಿದರೆ ಅದರ ಮೇಲೆ ಹೂವಿನ ಬುಟ್ಟಿ ಕೂತಿತ್ತು. “ಅದು ನನ್ನ ಮಾತು ಕೇಳೋದಿಲ್ಲ ಕಣಪ್ಪ, ನನಗೆ ತಿರುಗಿಸೋ ರೇಡಿಯೊನೇ ತಂದುಕೊಡು” ಎಂದರು. ತಪ್ಪು ನನ್ನದಾಗಿತ್ತು; ಕೇಳುವವರ ಕೈಗೆ ಏನು ಒಗ್ಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಆಮೇಲೆ ಎರಡು ಗುಂಡಿಗಳ ರೇಡಿಯೊ ತಂದು, 100.6ರ ಎದುರಿಗೆ ಕೆಂಪು ಬಣ್ಣದ ಚುಕ್ಕೆಯಿಟ್ಟು, ಅದನ್ನು ಅವರು ಬೆಳಗ್ಗೆ ಕುಳಿತು ಹೂ ಕಟ್ಟುವ ಜಾಗದಲ್ಲೇ ಇರಿಸಿದೆವು. ಅಂದಿನಿಂದ ಅದು ಒಂದು ದಿನವೂ ಬಿಡದೆ ಹಾಡುತ್ತಿದೆ.

ಹೀಗೆ ಮಾಡುವಾಗ ವಿದ್ಯುತ್ತು ಮತ್ತು ಬ್ಯಾಟರಿ ಎರಡರಿಂದಲೂ ನಡೆಯುವ ರೇಡಿಯೊವನ್ನೇ ಆರಿಸಿ. ಕಿವಿ ಮಂದವಾಗಿರುವವರಿಗೆ ಶಬ್ದವನ್ನು ಏರಿಸುವುದಕ್ಕಿಂತ ರೇಡಿಯೊವನ್ನು ಹತ್ತಿರಕ್ಕೆ ತರುವುದು ಒಳ್ಳೆಯದು, ಏಕೆಂದರೆ ಏರಿಸಿದಾಗ ಕೋಣೆಯ ಮಾರ್ದನಿಯೂ ಅಷ್ಟೇ ಏರಿ ಸಾಹಿತ್ಯದ ಮಾತುಗಳು ಕಲಸಿಹೋಗುತ್ತವೆ.

ಪುಸ್ತಕ, ಪೆನ್ಸಿಲು, ಉದ್ಘೋಷಣೆ

ಇಲ್ಲಿಂದ ಮುಂದಿನದು ನನಗೆ ಅತ್ಯಂತ ಮುಖ್ಯವೆನಿಸುವ ಭಾಗ. ಬಾನುಲಿಯ ಉದ್ಘೋಷಣೆಯನ್ನು ಹಾಡಿನ ಮುಂಚಿನ ಔಪಚಾರಿಕ ಮಾತೆಂದು ತಿಳಿದು ಅಲಕ್ಷಿಸುವವರೇ ಹೆಚ್ಚು. ಕಲಾವಿದರ ಹೆಸರು, ಗಾಯನವೋ ವಾದ್ಯವೋ, ಪಕ್ಕವಾದ್ಯದಲ್ಲಿ ಪಿಟೀಲು, ಮೃದಂಗ, ಘಟ ಯಾರದು, ಕೃತಿಯ ಮೊದಲ ಸಾಲು, ರಾಗ, ತಾಳ, ವಾಗ್ಗೇಯಕಾರರು (ಕೃತಿಯನ್ನು ರಚಿಸಿದವರು): ಇಷ್ಟನ್ನೂ ಅರ್ಧ ನಿಮಿಷದಲ್ಲಿ ಸ್ಪಷ್ಟವಾದ ಉಚ್ಚಾರಣೆಯೊಡನೆ ಹೇಳುವ ಪದ್ಧತಿ ಆಕಾಶವಾಣಿಯದು. ದಿನಕ್ಕೆ ಮೂರು ಉದ್ಘೋಷಣೆಗಳನ್ನು ಬರೆದಿಟ್ಟುಕೊಂಡರೆ ವರ್ಷಕ್ಕೆ ಸಾವಿರ ಕೃತಿಗಳ ಪಟ್ಟಿ ನಿಮ್ಮದಾಗುತ್ತದೆ.

ಇನ್ನೂರು ಪುಟಗಳ ಒಂದು ರೂಲಿನ ನೋಟ್ ಪುಸ್ತಕವನ್ನು ರೇಡಿಯೊದ ಬಳಿಯೇ ಇಟ್ಟು, ಪೆನ್ಸಿಲನ್ನು ದಾರದಿಂದ ಅದಕ್ಕೇ ಕಟ್ಟಿ. ಪುಟದಲ್ಲಿ ದಿನಾಂಕ, ರಾಗ, ತಾಳ, ಕೃತಿ, ರಚನೆ, ಕಲಾವಿದರು ಎಂದು ಅಂಕಣ ಹಾಕಿ ಕೊನೆಯ ಅಂಕಣವನ್ನು ಖಾಲಿ ಬಿಡಿ. ಅದು ನಿಮ್ಮ ಊಹೆಗೆ. ಮೊದಲ ತಿಂಗಳು ಬರೆಯುವುದಷ್ಟೇ ಸಾಕು. ಎರಡನೆಯ ತಿಂಗಳಿನಿಂದ, ಹಾಡಿನ ನಡುವೆ ರೇಡಿಯೊ ಹಾಕಿದಾಗಲೆಲ್ಲ, ಇದು ಯಾವ ರಾಗವೆಂದು ಊಹಿಸಿ ಆ ಅಂಕಣದಲ್ಲಿ ಬರೆದು, ಕೊನೆಯ ಉದ್ಘೋಷಣೆಗಾಗಿ ಕಾಯಿರಿ. ಫೋನಿನ ಹಾಡುಗಳಲ್ಲಿ ಹೆಸರು ಪರದೆಯ ಮೇಲೆ ಮೊದಲೇ ಕಾಣಿಸುವುದರಿಂದ ಈ ಅಭ್ಯಾಸಕ್ಕೆ ಅಲ್ಲಿ ಎಡೆಯೇ ಇಲ್ಲ. ಬಾನುಲಿ ಉತ್ತರವನ್ನು ಮುಚ್ಚಿಟ್ಟುಕೊಂಡು ನಮ್ಮನ್ನು ಪರೀಕ್ಷಿಸುತ್ತದೆ, ನಾಲ್ಕೈದು ನಿಮಿಷದಲ್ಲಿ ತಾನೇ ಉತ್ತರವನ್ನೂ ಕೊಡುತ್ತದೆ.

ಊಹಿಸುವುದನ್ನು ಎಲ್ಲಿಂದ ಆರಂಭಿಸಬೇಕು? ಆಕಾಶವಾಣಿ ಕೇಂದ್ರಗಳ ಪ್ರಸಾರಾರಂಭದ ಸಂಕೇತ ಸಂಗೀತದಿಂದಲೇ ಆರಂಭಿಸಬಹುದು. 1930ರ ದಶಕದಲ್ಲಿ ಯುರೋಪಿನಿಂದ ಆಶ್ರಯ ಅರಸಿ ಮುಂಬಯಿಗೆ ಬಂದ ಸಂಗೀತಜ್ಞ ವಾಲ್ಟರ್ ಕಾಫ್‌ಮನ್ ಸಂಯೋಜಿಸಿದ ಆ ತುಣುಕಿಗೆ ಶಿವರಂಜನಿ ರಾಗದ ಛಾಯೆಯಿದೆ. ಶಿವರಂಜನಿಯ ಸ್ವರಗಳು ಸ, ರಿ, ಗ, ಪ, ದ. ಮೋಹನದ ಸ್ವರಗಳೂ ಇವೇ. ಗಾಂಧಾರವೊಂದೇ ಬೇರೆ: ಮೋಹನದಲ್ಲಿ ಅಂತರ ಗಾಂಧಾರ, ಶಿವರಂಜನಿಯಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸಾಧಾರಣ ಗಾಂಧಾರ. ಅಷ್ಟೇ ವ್ಯತ್ಯಾಸಕ್ಕೆ ಮೋಹನದ ಬೆಳಕು ಹೋಗಿ ಶೋಕದ ಎಳೆಯೊಂದು ಬಂದು ಕೂಡುತ್ತದೆ. ಆ ಸಂಕೇತವನ್ನು ಕೇಳಿದ ದಿನವೇ ಮೋಹನದ ಒಂದು ಕೃತಿಯನ್ನೂ ಕೇಳಿದರೆ, ಒಂದು ಸ್ವರದ ಬದಲಾವಣೆ ಏನು ಮಾಡಬಲ್ಲದೆಂದು ಯಾವ ಪಾಠವಿಲ್ಲದೆಯೂ ತಿಳಿಯುತ್ತದೆ.

ಇದೇ ರೀತಿಯಲ್ಲಿ ಜೋಡಿ ಜೋಡಿಯಾಗಿ ಮುಂದುವರಿಯಿರಿ. ಮೋಹನದ ಧೈವತದ ಬದಲು ಕಾಕಲಿ ನಿಷಾದ ಬಂದರೆ ಹಂಸಧ್ವನಿ. ಶಂಕರಾಭರಣದ ಶುದ್ಧ ಮಧ್ಯಮ ಪ್ರತಿಮಧ್ಯಮವಾದರೆ ಕಲ್ಯಾಣಿ. ‘ರಾಗಂ’ ವಾಹಿನಿಯಲ್ಲಿ ಎರಡೂ ಪದ್ಧತಿಗಳ ಸಂಗೀತ ಬರುವುದರಿಂದ ಇನ್ನೊಂದು ಬಗೆಯ ಜೋಡಿಗಳೂ ದೊರೆಯುತ್ತವೆ: ನಮ್ಮ ಮೋಹನಕ್ಕೆ ಅಲ್ಲಿ ಭೂಪ್, ಹಿಂದೋಳಕ್ಕೆ ಮಾಲಕೌಂಸ್, ಕಲ್ಯಾಣಿಗೆ ಯಮನ್. ಹೆಸರು ಒಂದೇ ಆದರೂ ಬೇರೆಯಾಗಿರುವುದು ತೋಡಿ. ಕರ್ನಾಟಕ ಪದ್ಧತಿಯ ತೋಡಿಯ ಸ್ವರಗಳು ಹಿಂದೂಸ್ತಾನಿ ಭೈರವಿಯವು. ಅವರ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ಇದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ, ಬಹಳ ಗೊಂದಲ ತಪ್ಪುತ್ತದೆ.

ಸ್ವರಸ್ಥಾನ ಗುರುತಿಸಲು ಬಾರದವರು ಗೊತ್ತಿರುವ ಹಾಡನ್ನು ಆಧಾರವಾಗಿಟ್ಟುಕೊಳ್ಳಬಹುದು. ಮೈಸೂರು ವಾಸುದೇವಾಚಾರ್ಯರ ‘ಬ್ರೋಚೇವಾರೆವರುರಾ’ ಮನಸ್ಸಿನಲ್ಲಿದ್ದರೆ ಖಮಾಚ್ ರಾಗ ಎಲ್ಲಿ ಬಂದರೂ ಗುರುತು ಸಿಗುತ್ತದೆ. ಹೀಗೆ ರಾಗಕ್ಕೊಂದು ಕೃತಿಯಂತೆ ಇಪ್ಪತ್ತು ರಾಗಗಳು ಕೈವಶವಾದರೆ, ಸಾಮಾನ್ಯವಾಗಿ ಬಿತ್ತರವಾಗುವ ಕೃತಿಗಳಲ್ಲಿ ಬಹುಪಾಲು ಪರಿಚಿತವೆನಿಸತೊಡಗುತ್ತವೆ.

ತಾಳ ಹಾಕಿ ಕೇಳುವುದು

ಬಾನುಲಿಯಲ್ಲಿ ಕಲಾವಿದರ ಕೈ ಕಾಣಿಸದಿರುವುದು ತಾಳ ಕಲಿಯುವವರಿಗೆ ಒಳ್ಳೆಯದೇ ಆಗುತ್ತದೆ; ನೋಡಿ ಅನುಕರಿಸಲು ಆಗದ್ದರಿಂದ ಕೇಳಿಯೇ ಹಿಡಿಯಬೇಕಾಗುತ್ತದೆ. ಆದಿತಾಳಕ್ಕೆ ಎಂಟು ಅಕ್ಷರ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು ಹುಸಿ, ಪೆಟ್ಟು ಹುಸಿ (ಹುಸಿ ಎಂದರೆ ಅಂಗೈಯನ್ನು ಮೇಲಕ್ಕೆ ತಿರುಗಿಸುವುದು). ಮಿಶ್ರಛಾಪು ಏಳು, ಮೂರು ಮತ್ತು ನಾಲ್ಕಾಗಿ ಒಡೆಯುತ್ತದೆ, ಖಂಡಛಾಪು ಐದು. ಪಲ್ಲವಿ ಮರಳಿ ಮರಳಿ ಬರುವ ಜಾಗವನ್ನು ಗುರುತಿಸಿ, ಅದು ಪೆಟ್ಟಿನ ಮೇಲೆ ಬೀಳುತ್ತದೆಯೋ ಪೆಟ್ಟು ದಾಟಿದ ಮೇಲೆ ಏಳುತ್ತದೆಯೋ ನೋಡಿ. ಆ ಎತ್ತಿಕೊಳ್ಳುವ ಜಾಗವೇ ಎಡುಪು. ಎಡುಪು ಸಿಕ್ಕಿದ ಮೇಲೆ, ತಾಳವಾದ್ಯದವರು ತಾವಷ್ಟೇ ನುಡಿಸುವ ತನಿ ಆವರ್ತನದ ಕೊನೆಯಲ್ಲಿ ಮೃದಂಗದವರು ಮೂರು ಬಾರಿ ತೀರ್ಮಾನ, ಅಂದರೆ ಮುಕ್ತಾಯದ ಜತಿಯನ್ನು, ನುಡಿಸಿ ಗಾಯಕರಿಗೆ ಒಪ್ಪಿಸುವ ಗಳಿಗೆ ನಿಮಗೂ ಮುಂಚಿತವಾಗಿ ತಿಳಿಯುತ್ತದೆ. ಇದರ ಸಂತೋಷವನ್ನು ಅನುಭವಿಸಿಯೇ ಅರಿಯಬೇಕು.

ಒಂದು ಎಚ್ಚರಿಕೆಯ ಮಾತು. ಸ್ಟುಡಿಯೊ ಕಚೇರಿಗೆ ಅರ್ಧ ಗಂಟೆ, ಒಂದು ಗಂಟೆ ಎಂಬ ಮಿತಿಯಿರುವುದರಿಂದ ವರ್ಣ, ಕೃತಿಗಳು, ವಿಸ್ತಾರವಾದ ಪ್ರಧಾನ ಕೃತಿ, ದೇವರನಾಮ, ಮಂಗಳ ಎಂಬ ಪೂರ್ಣ ಕಚೇರಿಯ ಕ್ರಮವನ್ನು ಅಲ್ಲಿ ನಿರೀಕ್ಷಿಸಬಾರದು. ಪೂರ್ಣ ವಿಸ್ತಾರ ಬೇಕಾದವರು 1952ರಲ್ಲಿ ಆರಂಭವಾದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ, 1954ರಿಂದ ನಡೆದುಬಂದ ಆಕಾಶವಾಣಿ ಸಂಗೀತ ಸಮ್ಮೇಳನ, ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನಿಂದ ಬರುವ ತ್ಯಾಗರಾಜರ ಆರಾಧನೆಯ ಪಂಚರತ್ನ ಕೃತಿಗಳ ಗೋಷ್ಠಿಗಾಯನ, ಇಂಥವುಗಳಿಗೆ ಕಾಯಬೇಕು. ವೀಣೆಯ ಕಾರ್ಯಕ್ರಮಗಳನ್ನಂತೂ ನಮ್ಮ ಊರಿನವರು ತಪ್ಪಿಸಿಕೊಳ್ಳಬಾರದು. ವೀಣೆ ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರರಿಗೆ ಬಂದ ಮೈಸೂರು ಬಾನಿಯಲ್ಲಿ (ಶೈಲಿಯಲ್ಲಿ) ಒಂದೊಂದು ಮೀಟೂ ಬಿಡಿಬಿಡಿಯಾಗಿ, ಮುತ್ತು ಪೋಣಿಸಿದಂತೆ ಕೇಳಿಸುತ್ತದೆ. ತಂಜಾವೂರಿನ ಕಡೆಯ ವೀಣೆ ಬಂದ ದಿನ ಎರಡನ್ನೂ ಹೋಲಿಸಿ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ.

ಬಾನುಲಿಯಲ್ಲಿ ಕೇಳಿದವರನ್ನು ಎದುರಿಗೆ ಕೇಳುವ ಅವಕಾಶಗಳೂ ಮೈಸೂರಿನಲ್ಲಿ ಹೇರಳವಾಗಿವೆ. ಕುವೆಂಪುನಗರದ ಗಾನಭಾರತಿಯ ವೀಣೆ ಶೇಷಣ್ಣ ಭವನ, ಗಣೇಶ ಹಬ್ಬದ ದಿನಗಳಲ್ಲಿ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಕಚೇರಿಗಳು, ರಾಮನವಮಿಯ ಪೆಂಡಾಲುಗಳು ಇವೆ. ಹೋಗುವಾಗ ನೋಟ್ ಪುಸ್ತಕ ಜೊತೆಗಿರಲಿ.

ಮನೆಯಲ್ಲಿ ಸಂಗೀತ ಕಲಿಯುತ್ತಿರುವ ಮಕ್ಕಳಿದ್ದರೆ, ಆಕಾಶವಾಣಿಯಲ್ಲಿ ಹಾಡುವುದಕ್ಕೆ ಧ್ವನಿಪರೀಕ್ಷೆಯಿದೆಯೆಂದೂ, ಅದರಲ್ಲಿ ತೇರ್ಗಡೆಯಾದವರಿಗೆ ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳಿವೆಯೆಂದೂ ಅವರಿಗೆ ತಿಳಿಸಿ; ಅರ್ಜಿಯ ವಿವರಗಳನ್ನು ಹತ್ತಿರದ ಕೇಂದ್ರದಲ್ಲೇ ವಿಚಾರಿಸಬಹುದು.

ಕೇಂದ್ರಕ್ಕೆ ಪತ್ರ ಬರೆಯುವುದು

ಕೊನೆಯ ಹಂತವನ್ನು ಬಹಳ ಮಂದಿ ಮಾಡುವುದೇ ಇಲ್ಲ. ಜಾಹೀರಾತಿನವರ ಲೆಕ್ಕದ ಮೇಲೆ ನಡೆಯದ ಸಂಗೀತಪ್ರಸಾರಕ್ಕೆ ಕೇಳುಗರು ಇದ್ದಾರೆಂಬುದನ್ನು ಕೇಳುಗರೇ ತಿಳಿಸಬೇಕು. “ಕಾರ್ಯಕ್ರಮ ಚೆನ್ನಾಗಿತ್ತು” ಎಂಬಷ್ಟೇ ಮಾತು ಯಾರಿಗೂ ಉಪಯೋಗವಾಗದು. ದಿನಾಂಕ, ಹೊತ್ತು, ಕಲಾವಿದರ ಹೆಸರು, ಕೃತಿ, ನಿಮಗೆ ಹಿಡಿಸಿದ ಒಂದು ಅಂಶ, ಮತ್ತೆ ಕೇಳಬೇಕೆನಿಸಿದ ಒಂದು ಧ್ವನಿಮುದ್ರಣ, ಇಷ್ಟನ್ನು ಹತ್ತು ಸಾಲಿನೊಳಗೆ ಬರೆಯಿರಿ. ಉದ್ಘೋಷಣೆಯಲ್ಲಿ ರಾಗದ ಹೆಸರು ತಪ್ಪಾಗಿದ್ದರೆ ಅದನ್ನೂ ಸೌಜನ್ಯದಿಂದಲೇ ತಿಳಿಸಿ. ಪ್ರಸಾರ ಯಾವ ಬಡಾವಣೆಯಲ್ಲಿ, ಯಾವ ಊರಿನಲ್ಲಿ ಅಸ್ಪಷ್ಟವಾಗಿದೆಯೆಂಬ ಮಾಹಿತಿ ತಂತ್ರಜ್ಞರಿಗೆ ಬೇಕಾದದ್ದು. ಮಂಡ್ಯ ಜಿಲ್ಲೆಯ ಹಳ್ಳಿಗಳವರು ಇದನ್ನು ತಪ್ಪದೆ ಬರೆಯಬೇಕು. ಕೇಂದ್ರ ನಿರ್ದೇಶಕರು, ಆಕಾಶವಾಣಿ, ಯಾದವಗಿರಿ, ಮೈಸೂರು ಎಂದು ವಿಳಾಸ ಬರೆದು ಒಂದು ಕಾರ್ಡು ಹಾಕಿದರೆ ಸಾಕು. ಹಾಕಿದ ದಿನಾಂಕವನ್ನೂ ಕೋರಿದ ಕೃತಿಯನ್ನೂ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ, ಅದು ಪ್ರಸಾರವಾದ ದಿನ ಪಕ್ಕದಲ್ಲೊಂದು ಗುರುತು ಹಾಕಿಕೊಳ್ಳಿ.